ಮೇಜರ್ ಎಂದರೆ ಮೂರು ವರ್ಷದ ದಿನಚರಿ

(ದ್ವಿತೀಯ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳು ಮತ್ತು ಅವರ ಮನೆಯವರಿಗಾಗಿ ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಡಿಗ್ರಿ ಪ್ರವೇಶದ ಅರ್ಜಿ ಈಗ ಯುಯುಸಿಎಂಎಸ್ ಎಂಬ ಸರಕಾರಿ ಪೋರ್ಟಲ್‌ನಲ್ಲಿ. ಹೆಸರು, ಆಧಾರ್, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಪಿಯುಸಿ ಅಂಕ ಇಷ್ಟನ್ನೆಲ್ಲ ತುಂಬಿಸಲು ಅರ್ಧ ಗಂಟೆ ಬೇಕಾಗುತ್ತದೆ. ಮೇಜರ್, ಅಂದರೆ ಮುಖ್ಯ ವಿಷಯದ ಕಾಲಂ ಬಂದಾಗ ಸೈಬರ್ ಸೆಂಟರಿನವರು "ಯಾವುದು ಹಾಕುವುದು?" ಎಂದು ಕೇಳುತ್ತಾರೆ. ಮಗು ಅಪ್ಪನ ಮುಖ ನೋಡುತ್ತದೆ, ಅಪ್ಪ ಮೊಬೈಲಿನಲ್ಲಿ ಯಾರಿಗೋ ಕರೆ ಮಾಡುತ್ತಾರೆ, ಎರಡು ನಿಮಿಷದಲ್ಲಿ ಕಾಲಂ ತುಂಬಿರುತ್ತದೆ. ಮುಂದಿನ ಮೂರು ವರ್ಷ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ಆ ಕಾಲಂ. ಆದ್ದರಿಂದ ಅದರ ಬಗ್ಗೆಯೇ ಮಾತಾಡೋಣ.

ವಿಷಯದ ಹೆಸರು ಕೇಳಿದರೆ ಅದರೊಳಗೆ ಏನಿದೆ ಎಂದು ಗೊತ್ತಾಗುವುದಿಲ್ಲ. ನಮ್ಮೂರಿನ ಒಂದು ವಸ್ತುವನ್ನೇ ಎದುರಿಗೆ ಇಟ್ಟುಕೊಳ್ಳೋಣ: ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಇತಿಹಾಸ ಓದುವವರು ಕೇಳುವ ಪ್ರಶ್ನೆ, ಮಿಷನ್‌ನವರಿಗೆ ಕಾರ್ಖಾನೆ ಯಾಕೆ ಬೇಕಾಯಿತು ಎಂದು. ಮತಾಂತರವಾದವರು ಜಾತಿಯ ಕಸುಬನ್ನೂ ಹಳೆಯ ಆಸರೆಯನ್ನೂ ಕಳೆದುಕೊಂಡಿದ್ದರು, ಅವರಿಗೆ ದುಡಿಮೆ ಬೇಕಿತ್ತು. ಇದನ್ನು ಹೇಳಲು ವರದಿ, ಪತ್ರ, ಲೆಕ್ಕಪುಸ್ತಕಗಳನ್ನು ತಿಂಗಳುಗಟ್ಟಲೆ ಓದಬೇಕು. ಅರ್ಥಶಾಸ್ತ್ರದವರ ಪ್ರಶ್ನೆ, ಕಾರ್ಖಾನೆಗಳು ನೇತ್ರಾವತಿ, ಗುರುಪುರ ನದಿಗಳ ದಡಕ್ಕೇ ಯಾಕೆ ಅಂಟಿಕೊಂಡವು ಎಂಬುದು. ಮಣ್ಣು, ಸೌದೆ, ಹೆಂಚು ಮೂರೂ ಭಾರದ ಸರಕು, ದೋಣಿ ಸಾಗಣೆಯೇ ಅಗ್ಗ. ರಸಾಯನಶಾಸ್ತ್ರದವರಿಗೆ ಅದರ ಬಣ್ಣದ ಮೇಲೆ ಕಣ್ಣು. ಜೇಡಿಯಲ್ಲಿರುವ ಕಬ್ಬಿಣ ಗೂಡಿನಲ್ಲಿ ಗಾಳಿ ಚೆನ್ನಾಗಿ ಸಿಕ್ಕಾಗ ಫೆರಿಕ್ ಆಕ್ಸೈಡ್ ಆಗಿ ಕೆಂಪಾಗುತ್ತದೆ, ಗಾಳಿ ಸಾಲದೆ ಹೋದರೆ ಕಪ್ಪಿಡುತ್ತದೆ.

ಬಿಕಾಂನವರ ಮುಂದೆ ಅದೇ ಹೆಂಚು ಹೀಗೆ ಬರುತ್ತದೆ. ಒಂದು ಗೂಡಿಗೆ 10,000 ಹೆಂಚು, ಒಟ್ಟು ಖರ್ಚು 95,000 ರೂಪಾಯಿ, ನೂರಕ್ಕೆ ಐದು ಒಡೆಯುವುದು ಮಾಮೂಲು. ಆ 500 ಹೆಂಚಿನ ನಷ್ಟವನ್ನು ಉಳಿದ 9,500 ಹೆಂಚುಗಳೇ ಹೊರಬೇಕು, ಹಾಗಾಗಿ ಒಂದಕ್ಕೆ 10 ರೂಪಾಯಿ ಬೀಳುತ್ತದೆ. ಈ ಸಲ 800 ಒಡೆದಿವೆ ಎಂದುಕೊಳ್ಳಿ. ಹೆಚ್ಚುವರಿ 300 ಹೆಂಚಿನ 3,000 ರೂಪಾಯಿಯನ್ನು ಹೆಂಚಿನ ಬೆಲೆಗೆ ಸೇರಿಸುವಂತಿಲ್ಲ. ಅದು ಅಸಹಜ ನಷ್ಟ, ಕಾಸ್ಟಿಂಗ್ (ವೆಚ್ಚ ಲೆಕ್ಕದ) ಲಾಭನಷ್ಟ ಖಾತೆಗೆ ಹೋಗಬೇಕು. ಸಂಖ್ಯಾಶಾಸ್ತ್ರದವರು ಕೊಳ್ಳುವವರ ಕಡೆ ನಿಂತು ಯೋಚಿಸುತ್ತಾರೆ. ನೂರಕ್ಕೆ ಐದು ಬಿರುಕಿರುವ ಲೋಡಿನಿಂದ 20 ಹೆಂಚು ತೆಗೆದು ನೋಡಿದರೆ ಬಿರುಕು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದು ನಿಮಗೆ ಅನಿಸಬಹುದು. 0.95ನ್ನು ಇಪ್ಪತ್ತು ಸಲ ಗುಣಿಸಿ. ಸುಮಾರು 0.36 ಬರುತ್ತದೆ. ಅಂದರೆ ನೂರರಲ್ಲಿ 36 ಸಲ ಒಂದೂ ಬಿರುಕು ಸಿಗುವುದಿಲ್ಲ.

ಈ ಐದು ಪ್ರಶ್ನೆಗಳಲ್ಲಿ ಯಾವುದು ಕೇಳಿಸಿಕೊಂಡಾಗ ನಿಮ್ಮ ಬೆನ್ನು ನೆಟ್ಟಗಾಯಿತು, ಯಾವುದಕ್ಕೆ ಮನಸ್ಸು ಹೊರಗೆ ಹೋಯಿತು? ಇಂಥದ್ದೇ ಪ್ರಶ್ನೆಯನ್ನು ಮೂರು ವರ್ಷ ದಿನವೂ ಬಿಡಿಸಬೇಕಾಗುತ್ತದೆ. ಆರಿಸಬೇಕಾದದ್ದು ಆ ಕೆಲಸವನ್ನು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು, ಹದಿನೈದು ದಿನ ಸಾಕು. ವಿಶ್ವವಿದ್ಯಾನಿಲಯದ ಜಾಲತಾಣದಿಂದ ಆ ವಿಷಯದ ಸಿಲೆಬಸ್ ಇಳಿಸಿಕೊಳ್ಳಿ. ಕಾಲೇಜಿನ ಬಣ್ಣದ ಪ್ರಾಸ್ಪೆಕ್ಟಸ್ ಈ ಕೆಲಸಕ್ಕೆ ಆಗುವುದಿಲ್ಲ. ಮೊದಲ ಸೆಮಿಸ್ಟರ್ ಪಿಯುಸಿಯ ಮುಂದುವರಿಕೆಯ ಹಾಗೆ ಕಾಣುವುದರಿಂದ ಅದನ್ನು ಬಿಟ್ಟು ನೇರವಾಗಿ ಐದು ಮತ್ತು ಆರನೇ ಸೆಮಿಸ್ಟರಿನ ಪೇಪರುಗಳಿಗೆ ಹೋಗಿ. ವಿಷಯದ ನಿಜವಾದ ಮುಖ ಅಲ್ಲಿದೆ. ಆಮೇಲೆ ಮೂರನೇ ಸೆಮಿಸ್ಟರಿನ ಒಂದು ಪಠ್ಯಪುಸ್ತಕವನ್ನು ಗ್ರಂಥಾಲಯದಲ್ಲೋ ಸೀನಿಯರ್ ಒಬ್ಬರ ಹತ್ತಿರವೋ ಎರವಲು ತನ್ನಿ. ಹತ್ತು ಪುಟ ಆರಿಸಿ, ದಿನ ಬಿಟ್ಟು ದಿನ ಮೂರು ಸಲ ಕೂತು ಓದಿ, ಲೆಕ್ಕವಿದ್ದರೆ ಪೆನ್ನು ಹಿಡಿದು ಮಾಡಿ. ಅರ್ಥವಾಗದಿದ್ದರೆ ಚಿಂತೆ ಬೇಡ. ಮೊದಲ ಸಲ ಯಾರಿಗೂ ಪೂರ್ತಿ ಅರ್ಥವಾಗುವುದಿಲ್ಲ. ಮೂರನೇ ಸಲ ಕೂರುವಾಗ "ಮೊನ್ನೆ ಸಿಕ್ಕಿಹಾಕಿಕೊಂಡದ್ದು ಎಲ್ಲಿ" ಎಂದು ಹುಡುಕುತ್ತಾ ಕೂತಿರಾ ಅಥವಾ ಅಮ್ಮ ಎರಡು ಸಲ ಕರೆದು ಕೂರಿಸಬೇಕಾಯಿತಾ ಎಂಬುದನ್ನು ಮಾತ್ರ ಗಮನಿಸಿ.

ಬಿಸಿಎಗೆ ಈ ಪರೀಕ್ಷೆ ತುಂಬ ಅಗತ್ಯ, ಯಾಕೆಂದರೆ ಮೊಬೈಲ್ ಚೆನ್ನಾಗಿ ಬಳಸುವ ಮಗುವಿಗೆ ಕಂಪ್ಯೂಟರ್ ಒಲಿಯುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಪೈಥಾನ್ ಉಚಿತವಾಗಿ ಸಿಗುತ್ತದೆ. ಮನೆಯ ಕರೆಂಟು ಬಿಲ್ಲನ್ನು ಯೂನಿಟ್ ಹಂತಗಳ ಪ್ರಕಾರ ಲೆಕ್ಕ ಹಾಕುವ ನಲವತ್ತು ಸಾಲಿನ ಪ್ರೋಗ್ರಾಂ ಒಂದನ್ನು ಬರೆದು ನೋಡಿ. ತಪ್ಪು ಬರುವುದು ಖಂಡಿತ. ಆ ತಪ್ಪನ್ನು ಒಂದೂವರೆ ಗಂಟೆ ಬೆನ್ನಟ್ಟುವ ತಾಳ್ಮೆ ಇದೆಯೇ ಎಂಬುದೇ ಬಿಸಿಎಯ ಪ್ರಶ್ನೆ. ಅಲ್ಲಿ ಡಿಸ್ಕ್ರೀಟ್ ಗಣಿತ (ತರ್ಕ, ಗಣಗಳಂಥ ಗಣಿತ), ಡೇಟಾ ಸ್ಟ್ರಕ್ಚರ್ (ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿಡುವ ಬಗೆ) ಎರಡೂ ಕಾಯುತ್ತಿರುತ್ತವೆ. ಗಣಿತದಿಂದ ತಪ್ಪಿಸಿಕೊಳ್ಳಲು ಬಿಸಿಎಗೆ ಬಂದವರು ಸೋಲುವುದು ಅಲ್ಲೇ.

ಇನ್ನು ರಚನೆಯ ವಿಷಯ. 2021–22ರಲ್ಲಿ ಕರ್ನಾಟಕಕ್ಕೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. ಆಗ ಬಿಎ, ಬಿಎಸ್‌ಸಿಯಲ್ಲಿ ಎರಡು ಮುಖ್ಯ ವಿಷಯಗಳಿದ್ದವು. 2024–25ರಿಂದ ರಾಜ್ಯ ಶಿಕ್ಷಣ ನೀತಿಯಡಿ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ. ಹಾಗಾಗಿ 2022ರಲ್ಲಿ ಸೇರಿದ ಅಣ್ಣ ಅಕ್ಕಂದಿರು ಹೇಳುವುದು ಅವರ ಮಟ್ಟಿಗೆ ಸರಿ ಇದ್ದರೂ ನಿಮಗೆ ಅನ್ವಯಿಸದಿರಬಹುದು. ಮೂರು ವಿಷಯಗಳಲ್ಲಿ ಕೊನೆಯ ವರ್ಷ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬಹುದು ಎಂಬುದನ್ನು ನಿಮ್ಮ ಬ್ಯಾಚಿನ ರೆಗ್ಯುಲೇಶನ್ ತೆರೆದು ನೋಡಿ. ಸ್ವಾಯತ್ತ ಕಾಲೇಜುಗಳ ಸಿಲೆಬಸ್ ಬೇರೆ ಇರುತ್ತದೆ. 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ್ದರಿಂದ ಅದರ ನಿಯಮಾವಳಿಯೂ ಪ್ರತ್ಯೇಕ.

ಮುಂದಿನ ಬಾಗಿಲುಗಳನ್ನು ನೋಡುವಾಗ ಒಂದು ಸಂಗತಿ ನೆನಪಿರಲಿ: ಕೆಲವು ಬಾಗಿಲು ಒಂದೇ ಕಡೆಗೆ ತೆರೆಯುತ್ತವೆ. ಪಿಯುಸಿ ವಿಜ್ಞಾನದಿಂದ ಬಿಕಾಂಗೂ ಬಿಎಗೂ ಬರಬಹುದು, ಕಾಮರ್ಸಿನಿಂದ ಬಿಎಸ್‌ಸಿ ಭೌತಶಾಸ್ತ್ರಕ್ಕೆ ಹೋಗಲು ಆಗುವುದಿಲ್ಲ. ವಿಜ್ಞಾನದಿಂದ ಬಿಕಾಂಗೆ ಬರುವವರು ರಜೆಯಲ್ಲೇ ಪ್ರಥಮ ಪಿಯುಸಿಯ ಅಕೌಂಟೆನ್ಸಿ ಪುಸ್ತಕ ಹಿಡಿದು ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್ ಮೂರನ್ನು ಕೈಗೆ ಹತ್ತಿಸಿಕೊಂಡು ಬನ್ನಿ. ಇಲ್ಲದಿದ್ದರೆ ಮೊದಲ ತಿಂಗಳು ಪಕ್ಕದವರ ನೋಟ್ಸ್ ನಕಲು ಮಾಡುವುದರಲ್ಲೇ ಕಳೆಯುತ್ತದೆ.

ಶಿಕ್ಷಕರಾಗಬೇಕು ಎನ್ನುವವರು ಇನ್ನೂ ಹುಷಾರಾಗಿರಬೇಕು. ಸರಕಾರಿ ಪ್ರೌಢಶಾಲೆಯ ವಿಜ್ಞಾನ ಹುದ್ದೆಗಳು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ಬೇರೆ ಬೇರೆ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಅಲ್ಲಿ ತಮ್ಮ ವಿಷಯಗಳು ಹೊಂದುತ್ತವೆಯೇ ಎಂದು ಹಿಂದಿನ ನೇಮಕಾತಿ ಅಧಿಸೂಚನೆಯನ್ನು ಈಗಲೇ ಓದಬೇಕು. ಬಿ.ಇಡಿ. ಮುಗಿಸಿದ ಮೇಲೆ ಓದಿದರೆ ಐದು ವರ್ಷ ಆಗಿಹೋಗಿರುತ್ತದೆ. ಮನಶ್ಶಾಸ್ತ್ರಕ್ಕೆ ಈಗ ತುಂಬ ಬೇಡಿಕೆ. ಬಿಎ ಮುಗಿಸಿದ ಕೂಡಲೇ ಆಪ್ತಸಮಾಲೋಚಕರಾಗಬಹುದು ಎಂದು ಬಂದವರಿಗೆ ನಿರಾಸೆಯಾಗುತ್ತದೆ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ಮಲ್ಪೆ, ಗಂಗೊಳ್ಳಿ ಕಡೆಯ ಮಕ್ಕಳು ಮೀನುಗಾರಿಕೆಯಲ್ಲಿ ಮುಂದೆ ಹೋಗಲು ಬಿಎಸ್‌ಸಿ ಪ್ರಾಣಿಶಾಸ್ತ್ರ ಸಾಕು ಎಂದುಕೊಳ್ಳುವುದುಂಟು. ಮೀನುಗಾರಿಕೆಯ ಸ್ನಾತಕೋತ್ತರ ಪದವಿಯಾದ ಎಂಎಫ್‌ಎಸ್‌ಸಿಗೆ ಮೀನುಗಾರಿಕೆಯದೇ ಪದವಿಯಾದ ಬಿಎಫ್‌ಎಸ್‌ಸಿಯೇ ಬೇಕು. 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲೇ ಇದೆ, ಪ್ರವೇಶ ಕೆಸಿಇಟಿ ಮೂಲಕ, ನಾಲ್ಕು ವರ್ಷ.

ಬಿಕಾಂ ನಮ್ಮ ಕಡೆಯ ಮನೆಗಳಿಗೆ ಸಹಜವಾಗಿ ಹೊಳೆಯುವ ಆಯ್ಕೆ. ಅದಕ್ಕೆ ಕಾರಣವೂ ಇದೆ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಮಂಗಳೂರಿನಲ್ಲಿ ಕೆನರಾ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಇಷ್ಟು ಬ್ಯಾಂಕು ಹುಟ್ಟಿದ ನೆಲದಲ್ಲಿ "ಬಿಕಾಂ ಮಾಡು, ಬ್ಯಾಂಕಿಗೆ ಹೋಗು" ಎಂಬ ಮಾತು ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಸರಕಾರಿ ಬ್ಯಾಂಕಿನ ಕ್ಲರ್ಕ್, ಪಿಒ ಹುದ್ದೆಗಳಿಗೆ ಐಬಿಪಿಎಸ್ ಪರೀಕ್ಷೆ, ಅದಕ್ಕೆ ಯಾವ ಪದವಿಯಾದರೂ ಆಗುತ್ತದೆ. ಬ್ಯಾಂಕ್ ಕೆಲಸಕ್ಕಾಗಿಯೇ ಬಿಕಾಂ ಆರಿಸಬೇಕಾಗಿಲ್ಲ. ಸಿಎ ಮಾಡುವ ಮನಸ್ಸಿದ್ದರೆ ಬಿಕಾಂ ನಿಜಕ್ಕೂ ಸಹಾಯಕ. ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರವಾಗಿ ಎರಡನೇ ಹಂತದ ಇಂಟರ್‌ಗೆ ಸೇರಲು ಕಾಮರ್ಸ್ ಪದವೀಧರರಿಗೆ ಶೇ. 55 ಸಾಕು, ಉಳಿದ ಪದವೀಧರರಿಗೆ ಶೇ. 60 ಬೇಕು. ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗಿನ ತರಬೇತಿ, 2023ರ ಹೊಸ ಪದ್ಧತಿಯಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಬರಬೇಡಿ. ವಿಭಾಗಕ್ಕೆ ಹೋಗಿ ಈ ವಿಷಯಕ್ಕೆ ಕಾಯಂ ಉಪನ್ಯಾಸಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಎಂದು ಕೇಳಿ. ಕಳೆದ ವರ್ಷ ಅಂತಿಮ ವರ್ಷದಲ್ಲಿ ಎಷ್ಟು ಮಂದಿ ಇದ್ದರು ಎಂದೂ ಕೇಳಿ. ನಾಲ್ಕೈದು ಮಂದಿ ಮಾತ್ರ ಇದ್ದ ಕಾಂಬಿನೇಷನ್ ಈ ವರ್ಷ ನಡೆಯದೇ ಹೋಗಬಹುದು, ಜುಲೈಯಲ್ಲಿ "ಬೇರೆ ಯಾವುದಾದರೂ ತೆಗೆದುಕೊಳ್ಳಿ" ಎನ್ನುವ ಹೊತ್ತಿಗೆ ಉಳಿದ ಕಡೆ ಸೀಟು ಮುಗಿದಿರುತ್ತದೆ. ಲ್ಯಾಬ್ ರೆಕಾರ್ಡ್ ಒಂದನ್ನು ತೋರಿಸಲು ಕೇಳಿಕೊಳ್ಳಿ. ಸಿಲೆಬಸ್ಸಿನ ಎಲ್ಲ ಪ್ರಯೋಗಗಳೂ ಅದರಲ್ಲಿ ಇವೆಯೇ ಎಂದು ಎಣಿಸಿದರೆ ಸಾಕು, ಲ್ಯಾಬಿನ ಸ್ಥಿತಿ ತಿಳಿಯುತ್ತದೆ.

ಬಸ್ಸಿನ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಂದು ವಿಜ್ಞಾನ ವಿಷಯಕ್ಕೆ ವಾರಕ್ಕೆ ನಾಲ್ಕು ಗಂಟೆ ಥಿಯರಿ, ನಾಲ್ಕು ಗಂಟೆ ಲ್ಯಾಬ್ ಎಂದು ಹಿಡಿದರೆ ಮೂರು ವಿಷಯಕ್ಕೆ 24 ಗಂಟೆ. ಎರಡು ಭಾಷೆಗಳಿಗೆ ಎಂಟು. ಉಳಿದ ಕಡ್ಡಾಯ ಪೇಪರು ಸೇರಿ 34ರ ಹತ್ತಿರ. ಉಡುಪಿಯಿಂದ ಮಂಗಳೂರು ಸುಮಾರು 60 ಕಿಲೋಮೀಟರ್, ಬಸ್ಸಿನಲ್ಲಿ ಒಂದೂವರೆ ಗಂಟೆ, ಹೋಗಿ ಬಂದು ಮೂರು. ಆರು ದಿನಕ್ಕೆ 18 ಗಂಟೆ ರಸ್ತೆಯ ಮೇಲೆಯೇ. ಒಟ್ಟು 52 ಗಂಟೆ ಕಳೆದ ಮೇಲೆ ಓದಲು ಕೂರಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಬಿಎ, ಬಿಕಾಂ ತರಗತಿಗಳು ಹಲವು ಕಡೆ ಬೇಗ ಮುಗಿಯುತ್ತವೆ, ಆ ವಿದ್ಯಾರ್ಥಿ ಈ ಪ್ರಯಾಣವನ್ನು ತಡೆದುಕೊಳ್ಳಬಹುದು. ಸಂಜೆವರೆಗೆ ಲ್ಯಾಬ್ ಇರುವವರಿಗೆ ಹತ್ತಿರದ ಕಾಲೇಜು ಅಥವಾ ಹಾಸ್ಟೆಲೇ ಸರಿ.

ಈಗ ಸೇರಿದ ಮೇಲಿನ ಮಾತು. ಮೊದಲ ಸೆಮಿಸ್ಟರಿನ ಇಂಟರ್ನಲ್ಸ್‌ನಲ್ಲಿ ಅಂಕ ಕುಸಿದ ಕೂಡಲೇ "ನನಗೆ ಈ ವಿಷಯ ಆಗುವುದಿಲ್ಲ" ಎಂದು ತೀರ್ಮಾನಿಸುವ ಮಕ್ಕಳು ಬಹಳ. ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದವರು. ಇದು ನಿಜಕ್ಕೂ ನೋವಿನ ಸಂಗತಿ, ಯಾಕೆಂದರೆ ಹೆಚ್ಚಿನ ಸಲ ತೊಡಕು ವಿಷಯದಲ್ಲಿ ಇರುವುದಿಲ್ಲ. ತಿಳಿಯುವ ದಾರಿ ಸುಲಭ. ಅಂಕ ಹೋದ ಪ್ರಶ್ನೆಯನ್ನೇ ತೆಗೆದುಕೊಂಡು ಗೆಳೆಯರಿಗೆ ಕನ್ನಡದಲ್ಲೋ ತುಳುವಿನಲ್ಲೋ ಬಾಯಲ್ಲಿ ವಿವರಿಸಿ. "ಬೇಡಿಕೆ ಕಡಿಮೆಯಾದರೂ ಬೆಲೆ ಯಾಕೆ ಇಳಿಯಲಿಲ್ಲ" ಎಂಬುದನ್ನು ಮನೆಮಾತಿನಲ್ಲಿ ಸರಿಯಾಗಿ ಹೇಳಲು ಬಂದರೆ ನಿಮಗೆ ಅರ್ಥಶಾಸ್ತ್ರ ಬರುತ್ತದೆ, ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಮಾತ್ರ ಸಾಲದು. ಅದಕ್ಕೆ ದಿನಕ್ಕೆ ಒಂದೇ ಉತ್ತರ, ಹತ್ತು ಸಾಲು, ಪುಸ್ತಕ ಮುಚ್ಚಿ ಬರೆಯಿರಿ. ಸಣ್ಣ ವಾಕ್ಯಗಳೇ ಇರಲಿ. ಎಂಟು ಹತ್ತು ವಾರದಲ್ಲಿ ಕೈ ಕುದುರುತ್ತದೆ. ಮನೆಮಾತಿನಲ್ಲೂ ಹೇಳಲು ಬಾರದಿದ್ದರೆ ಆಗ ವಿಷಯದ ಬಗ್ಗೆಯೇ ಯೋಚಿಸಬೇಕು.

ಆಯ್ಕೆಯನ್ನು ಮತ್ತೆ ನೋಡಿಕೊಳ್ಳಲು ಒಂದು ಸಣ್ಣ ಪುಸ್ತಕ ಇಡಿ. ಶನಿವಾರ ಸಂಜೆ ಹತ್ತು ನಿಮಿಷ ಸಾಕು. "ಬೋರ್ ಆಯಿತು", "ಚೆನ್ನಾಗಿತ್ತು" ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ತಿಳಿಯುವುದಿಲ್ಲ. ಮಾಡಿದ ಕೆಲಸವನ್ನೇ ಬರೆಯಿರಿ. ಉದಾಹರಣೆಗೆ ಟೈಟ್ರೇಷನ್, ಅಂದರೆ ಬ್ಯೂರೆಟ್ ಎಂಬ ಅಳತೆ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ. ಬ್ಯೂರೆಟ್ ರೀಡಿಂಗ್ ಮೂರು ಸಲ 10.2, 10.9, 9.8 ಮಿ.ಲೀ. ಬಂತು. ಎರಡು ರೀಡಿಂಗ್ ಒಂದಕ್ಕೊಂದು ತಾಳೆಯಾಗುವವರೆಗೆ ಮತ್ತೆ ಮಾಡಬೇಕು. ಆಗ ನಿಮಗೆ ಏನನಿಸಿತು? ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಇತ್ತೇ, ಕಣ್ಣನ್ನು ದ್ರವದ ಮಟ್ಟಕ್ಕೆ ತರದೆ ಮೇಲಿನಿಂದ ನೋಡಿದೆನೇ ಎಂದು ಹುಡುಕಿದಿರಾ? ಅಥವಾ ರೆಕಾರ್ಡಿನಲ್ಲಿ ಮೂರನ್ನೂ 10.2 ಎಂದು ಬರೆದು ಬಸ್ಸು ಹಿಡಿಯೋಣ ಎನಿಸಿತಾ? ಒಂದು ದಿನ ಹಾಗೆ ಅನಿಸಿದರೆ ಅದು ಸುಸ್ತು. ಪುಸ್ತಕದಲ್ಲಿ ಹನ್ನೆರಡು ವಾರವೂ ಅದೇ ಕಂಡರೆ ಅದಕ್ಕೆ ಬೆಲೆ ಕೊಡಿ.

ಎರಡನೇ ಸೆಮಿಸ್ಟರ್ ಮುಗಿದಾಗ ಆ ಪುಸ್ತಕ ತೆರೆದು ನಿಮಗೆ ಇಷ್ಟವಾಗದ್ದು ಯಾವುದು ಎಂದು ಬೇರ್ಪಡಿಸಿ. ಒಬ್ಬ ಉಪನ್ಯಾಸಕರ ಪಾಠ ಹಿಡಿಸಲಿಲ್ಲವಾದರೆ ಮುಂದಿನ ಸೆಮಿಸ್ಟರಿನಲ್ಲಿ ಅವರು ಬದಲಾಗುತ್ತಾರೆ. ಒಂದು ಪೇಪರು ಮಾತ್ರ ಕಷ್ಟವಾದರೆ ಅದನ್ನು ದಾಟಿ ಹೋಗಬಹುದು. ವಿಷಯದ ದಿನನಿತ್ಯದ ಕೆಲಸವೇ ಬೇಡವಾಗಿದ್ದರೆ ಬದಲಿಸುವುದು ತಪ್ಪಲ್ಲ, ಆದರೆ ಸಮಯ ಮುಖ್ಯ. ಪ್ರವೇಶದ ಮೊದಲ ವಾರಗಳಲ್ಲಿ, ಪೋರ್ಟಲ್‌ನಲ್ಲಿ ವಿಷಯಗಳು ಅಂತಿಮವಾಗುವ ಮೊದಲು, ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟರೆ ಕೆಲಸ ಹಗುರ. ಒಂದು ವರ್ಷದ ನಂತರವಾದರೆ ಓದದೆ ಬಿಟ್ಟ ಪೇಪರುಗಳ ಪ್ರಶ್ನೆ ಬರುತ್ತದೆ, ಕೆಲವೊಮ್ಮೆ ಮೊದಲಿಂದ ಸೇರಬೇಕಾಗುತ್ತದೆ. ನಾಲ್ಕನೇ ಸೆಮಿಸ್ಟರ್ ದಾಟಿದ್ದರೆ ಪದವಿ ಮುಗಿಸಿ ಆಮೇಲೆ ದಾರಿ ಬದಲಿಸುವುದೇ ಒಳ್ಳೆಯದು. ಮೂರು ವರ್ಷದ ಎಲ್‌ಎಲ್‌ಬಿ, ಎಂಬಿಎ, ಪತ್ರಿಕೋದ್ಯಮ, ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ, ಕೆಎಎಸ್ ಮತ್ತು ಯುಪಿಎಸ್‌ಸಿ ಪರೀಕ್ಷೆಗಳು ಯಾವ ಪದವಿಯವರಿಗೂ ತೆರೆದಿವೆ.

ಸಭೆಯಲ್ಲಿ ತಾಯಿಯೊಬ್ಬರು ಕೇಳಿದರು: "ಸರ್, ಮಗಳಿಗೆ 94 ಪರ್ಸೆಂಟ್ ಬಂದಿದೆ. ಇತಿಹಾಸವೇ ಬೇಕು ಅಂತ ಹಟ ಮಾಡ್ತಾಳೆ. ನೆಂಟರೆಲ್ಲ ಇಷ್ಟು ಮಾರ್ಕ್ ಇಟ್ಟುಕೊಂಡು ಬಿಎಯಾ ಅಂತ ಕೇಳ್ತಾರೆ. ನಾನು ಏನು ಹೇಳುವುದು?"

ಅಮ್ಮ, ಅಂಕ ಹೆಚ್ಚಿದ್ದರೆ ವಿಜ್ಞಾನಕ್ಕೇ ಹೋಗಬೇಕು ಎಂಬ ನಿಯಮ ಎಲ್ಲೂ ಇಲ್ಲ. ಮಗಳ ಆಸೆ ಗಟ್ಟಿಯೇ ಎಂದು ಒಮ್ಮೆ ನೋಡಿ. ಬಾರಕೂರು ಇಲ್ಲಿಂದ ದೂರವಿಲ್ಲ, ಅಳುಪರ ಕಾಲದಿಂದ ರಾಜಧಾನಿಯಾಗಿದ್ದ ಊರು, ಶಾಸನಗಳಿರುವ ಊರು. ಒಂದು ಭಾನುವಾರ ಅವಳನ್ನು ಕರೆದುಕೊಂಡು ಹೋಗಿ. ಆಮೇಲೆ ಅಲ್ಲಿನ ಒಂದು ಶಾಸನದ ಅಚ್ಚಾದ ಪಾಠವನ್ನು ಗ್ರಂಥಾಲಯದಲ್ಲಿ ಹುಡುಕಿ ಓದಲು ಹೇಳಿ. ದತ್ತಿ, ಗಡಿ, ಅಳತೆಗಳ ಒಣ ವಿವರವೇ ಅದರಲ್ಲಿ ಹೆಚ್ಚು. ಅದನ್ನು ಓದಿ ಬಂದು ನಿಮಗೆ ಏನಾದರೂ ಹೇಳಿದರೆ ಅವಳಿಗೆ ಇತಿಹಾಸ ಕೊಡಿಸಿ. ಜೊತೆಗೆ ಅರ್ಥಶಾಸ್ತ್ರವನ್ನೋ ಕನ್ನಡವನ್ನೋ ಇಟ್ಟುಕೊಂಡರೆ ಮುಂದೆ ಅನುಕೂಲ. ಹಳಗನ್ನಡ ಬಲ್ಲ ಇತಿಹಾಸದ ವಿದ್ಯಾರ್ಥಿಗೆ ಶಾಸನಗಳು ಸುಲಭವಾಗುತ್ತವೆ. ತುಳುವಿನ ಪಿಲಿ, ಹಳಗನ್ನಡದ ಪುಲಿ, ಈಗಿನ ಹುಲಿ ಎಂಬ ಬಗೆಯ ಸಂಬಂಧ ತುಳು ಮಾತಾಡುವ ಮಕ್ಕಳಿಗೆ ಬೇಗ ಹೊಳೆಯುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. ಎಂಎ, ನೆಟ್, ಬಿ.ಇಡಿ., ಕಾನೂನು ದಾರಿಗಳೂ ಇವೆ. ನೆಂಟರಿಗೆ ಈ ದಾರಿಗಳ ಹೆಸರು ಹೇಳಿ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: "ಸರ್, ನಾನು ಬಿಸಿಎ ಎರಡನೇ ಸೆಮಿಸ್ಟರ್. ಗಣಿತದ ಪೇಪರು ಬಾಕಿ ಇದೆ. ಬಿಕಾಂಗೆ ಹೋಗಬೇಕು ಅಂತ ಇದೆ. ಮನೆಯಲ್ಲಿ ಇನ್ನೂ ಹೇಳಿಲ್ಲ."

ಮೊದಲು ಮನೆಯಲ್ಲಿ ಹೇಳಿ. ಅಪ್ಪ ಅಮ್ಮನಿಗೆ ಅಂಕಪಟ್ಟಿಯ ಜೊತೆ ನಿಮ್ಮ ಯೋಜನೆಯನ್ನೂ ತೋರಿಸಿದರೆ ಮಾತು ಜಗಳಕ್ಕೆ ಹೋಗುವುದಿಲ್ಲ. ಈ ವಾರ ಎರಡು ಕೆಲಸ ಮಾಡಿ. ಬಾಕಿ ಇರುವ ಪೇಪರು ಬಿಟ್ಟು ಪ್ರೋಗ್ರಾಮಿಂಗ್ ಪೇಪರುಗಳಲ್ಲಿ ಹೇಗಿದ್ದೀರಿ ನೋಡಿ. ಅವು ಚೆನ್ನಾಗಿದ್ದರೆ ಒಂದು ಪೇಪರಿಗಾಗಿ ಪದವಿ ಬಿಡಬೇಡಿ, ಮುಂದಿನ ಪರೀಕ್ಷೆಯಲ್ಲಿ ಅದನ್ನು ಕಟ್ಟಿ ಬರೆಯಿರಿ. ಅವೂ ಬೇಡವಾಗಿದ್ದರೆ ಬಿಕಾಂನ ಕಾಸ್ಟಿಂಗ್ ಪುಸ್ತಕದ ಹತ್ತು ಪುಟವನ್ನು ಮೂರು ದಿನ ಕೂತು ಮಾಡಿ ನೋಡಿ. ಆಮೇಲೂ ಮನಸ್ಸು ಬಿಕಾಂ ಕಡೆಗೇ ಇದ್ದರೆ ಕಾಲೇಜಿನ ಕಚೇರಿಯಲ್ಲಿ ಯಾವ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತಾರೆ, ಭಾಷಾ ಪೇಪರುಗಳ ಕ್ರೆಡಿಟ್ ಉಳಿಯುತ್ತದೆಯೇ, ಸ್ಕಾಲರ್‌ಶಿಪ್‌ಗೆ ತೊಂದರೆ ಆಗುತ್ತದೆಯೇ ಎಂದು ಕೇಳಿ. ಈ ಮೂರಕ್ಕೂ ಉತ್ತರ ಬರುವವರೆಗೆ ಟಿಸಿ ತೆಗೆಯಬೇಡಿ. ಪ್ರಶ್ನೆಗಳನ್ನು ಅರ್ಜಿಯ ರೂಪದಲ್ಲೇ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಮತ್ತು ತಾರೀಕು ಹಾಕಿಸಿಕೊಳ್ಳಿ.